ಲ್ಯಾಂಡ್ ರೋವರ್ ಸಂಸ್ಥೆಯ ಉಗಮ: ಒಂದು ವಿವೇಚನೆ

ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಸಂಚರಿಸಿದವರಿಗೆ, ನೆಲದ ಸ್ವಭಾವವೇ ಗಾಡಿಯ ಸ್ವಭಾವವನ್ನು ನಿರ್ಣಯಿಸುತ್ತದೆಂಬುದು ಬೇಗನೆ ಮನವರಿಕೆಯಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆಗುಡ್ಡ, ಕೊರಟಗೆರೆಯ ಸಿದ್ಧರಬೆಟ್ಟ, ಇವುಗಳ ನಡುವೆ ಬಂಡೆಗಳು, ಕುರುಚಲು ಕಾಡು, ಮಳೆ ಬಂದಾಗ ಮಾತ್ರ ಹರಿದು ಉಳಿದ ದಿನಗಳಲ್ಲಿ ಮರಳಾಗಿರುವ ಹಳ್ಳಗಳು. ಇಂತಹ ನೆಲದಲ್ಲಿ ರಸ್ತೆಯನ್ನು ನಂಬಿ ಬಾಳುವುದು ಬಹುಕಾಲ ಸಾಧ್ಯವಿರಲಿಲ್ಲ. ರಸ್ತೆಯಿಲ್ಲದೆಡೆ ಹೊರೆ ಸಾಗಿಸುವ ಬಗೆ ಹೇಗೆ ಎಂಬ ಪ್ರಶ್ನೆ ಇಲ್ಲಿಯ ಒಕ್ಕಲಿಗನಿಗೂ ದಂಡಿನ ನಾಯಕನಿಗೂ ಸಮಾನವಾಗಿತ್ತು.

ಇದೇ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ದೊರೆತ ಒಂದು ಉತ್ತರವನ್ನು ಇಲ್ಲಿ ವಿವೇಚಿಸಬಯಸುತ್ತೇವೆ. ರೇಂಜ್ ರೋವರ್ ಎಂಬ ಹೆಸರು ಇಂದು ಸಿರಿವಂತಿಕೆಯ ಗುರುತಾಗಿದೆ. ಅದನ್ನು ನಿರ್ಮಿಸುವ ಸಂಸ್ಥೆಯೂ ಶ್ರೀಮಂತರ ಬೇಟೆ ವಿಹಾರಗಳಿಗಾಗಿಯೇ ಹುಟ್ಟಿರಬೇಕೆಂದು ಅನೇಕರು ಊಹಿಸುವುದುಂಟು. ಆಧಾರಗಳನ್ನು ನೋಡಿದರೆ ಈ ಊಹೆ ನಿಲ್ಲುವುದಿಲ್ಲ.

ರೋವರ್ ಎಂಬ ಹೆಸರು ಮೊದಲು ಸಲ್ಲುತ್ತಿದ್ದುದು ಬೈಸಿಕಲ್ಲಿಗೆ. ಕೊವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲೆ 1885ರಲ್ಲಿ ಹೊರತಂದ, ಸಮಗಾತ್ರದ ಎರಡು ಚಕ್ರಗಳ ಸುರಕ್ಷಿತ ಬೈಸಿಕಲ್ಲು ಆ ಹೆಸರನ್ನು ಹೊತ್ತಿತ್ತು. ಮುಂದೆ 1904ರಲ್ಲಿ ರೋವರ್ ಸಂಸ್ಥೆ ಮೋಟಾರು ಕಾರುಗಳ ನಿರ್ಮಾಣವನ್ನು ಕೈಗೊಂಡಿತು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಅದು ಸಾಲಿಹಲ್ಲಿನ ಕಾರ್ಖಾನೆಯಲ್ಲಿ ವಿಮಾನ ಎಂಜಿನುಗಳ ಕೆಲಸದಲ್ಲಿ ತೊಡಗಿತ್ತು. ಯುದ್ಧ ಮುಗಿದಾಗ ಕಾರ್ಖಾನೆಯಿತ್ತು, ಕೆಲಸಗಾರರಿದ್ದರು. ಉಕ್ಕು ಮಾತ್ರ ಇರಲಿಲ್ಲ. ವಿದೇಶಕ್ಕೆ ಮಾಲು ಮಾರುವವರಿಗೇ ಸರ್ಕಾರ ಉಕ್ಕನ್ನು ಹಂಚುತ್ತಿತ್ತು. ರೋವರ್ ಕಾರುಗಳಿಗಾದರೋ ಹೊರನಾಡುಗಳಲ್ಲಿ ಹೇಳಿಕೊಳ್ಳುವಂತಹ ಬೇಡಿಕೆ ಇರಲಿಲ್ಲ.

ಸಂಸ್ಥೆಯ ಮುಖ್ಯ ಎಂಜಿನಿಯರಾದ ಮಾರಿಸ್ ವಿಲ್ಕ್ಸ್ ವೇಲ್ಸಿನ ಆಂಗ್ಲ್‌ಸಿ ದ್ವೀಪದ ತನ್ನ ಜಮೀನಿನಲ್ಲಿ ಯುದ್ಧದಿಂದ ಉಳಿದ ಅಮೆರಿಕದ ವಿಲ್ಲಿಸ್ ಜೀಪೊಂದನ್ನು ಬಳಸುತ್ತಿದ್ದನು. ಅದು ಸವೆದರೆ ಬದಲಿಗೆ ಕೊಳ್ಳಲು ಸ್ವದೇಶದ ಗಾಡಿಯೊಂದಿರಲಿಲ್ಲ. ಈ ಕೊರತೆಯೇ ಆತನಿಗೂ, ಸಂಸ್ಥೆಯ ಆಡಳಿತ ನಿರ್ದೇಶಕನಾಗಿದ್ದ ಅವನ ಅಣ್ಣ ಸ್ಪೆನ್ಸರ್ ವಿಲ್ಕ್ಸನಿಗೂ ಹಾದಿ ತೋರಿತು. 1947ರಲ್ಲಿ ಜೀಪಿನ ಚೌಕಟ್ಟಿನ ಮೇಲೆ ಮೊದಲ ಮಾದರಿ ಸಿದ್ಧವಾಯಿತು. ಟ್ರಾಕ್ಟರಿನಂತೆ ಅದರ ಚಾಲಕಚಕ್ರ ಮಧ್ಯದಲ್ಲಿತ್ತು. ಮುಂದೆ ಇದನ್ನು ಕೈಬಿಡಲಾಯಿತು. ಉಕ್ಕು ಸಾಲದ ಕಾರಣ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದರು. ಯುದ್ಧಕಾಲದ ಉಳಿಕೆಯ ಹಸಿರು ಬಣ್ಣವನ್ನೇ ಬಳಿದರು. ಹೊಲದ ಯಂತ್ರಗಳನ್ನು ನಡೆಸಲು ಎಂಜಿನಿನ ಶಕ್ತಿಯನ್ನು ಹೊರಕ್ಕೆ ಒದಗಿಸುವ ಏರ್ಪಾಡೂ ಇತ್ತು.

1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಈ ಗಾಡಿ ಲ್ಯಾಂಡ್ ರೋವರ್ ಎಂಬ ಹೆಸರಿನಿಂದ ಲೋಕದ ಕಣ್ಣಿಗೆ ಬಿತ್ತು. ಬೆಲೆ 450 ಪೌಂಡು. ಬಾಗಿಲುಗಳಿಗೂ ಮೇಲುಹೊದಿಕೆಗೂ ಮೊದಲಿಗೆ ಪ್ರತ್ಯೇಕ ಹಣ ತೆರಬೇಕಾಗಿತ್ತೆಂಬ ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಬಾಗಿಲಿಲ್ಲದೆ ಮಾರಾಟವಾದ ಗಾಡಿಯನ್ನು ಭೋಗವಸ್ತುವೆಂದು ಯಾರು ತಾನೇ ಕರೆದಾರು? ಕೆಲವೇ ವರ್ಷಗಳ ಮಟ್ಟಿಗೆಂದು ಯೋಜಿಸಿದ ಈ ತಾತ್ಕಾಲಿಕ ಉಪಾಯ ಬೇಗನೆ ರೋವರ್ ಕಾರುಗಳ ಮಾರಾಟವನ್ನೇ ಮೀರಿಸಿತು.

1970ರ ಜೂನಿನಲ್ಲಿ ಚಾರ್ಲ್ಸ್ ಸ್ಪೆನ್ಸರ್ ಕಿಂಗ್ ರೂಪಿಸಿದ ರೇಂಜ್ ರೋವರ್ ಹೊರಬಂದಿತು. ಅದರಲ್ಲಿ ಎಂಟು ಸಿಲಿಂಡರುಗಳ ಎಂಜಿನು, ಸುರುಳಿ ಸ್ಪ್ರಿಂಗುಗಳು, ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿಯೊದಗಿಸುವ ವ್ಯವಸ್ಥೆ ಇದ್ದುವು. ಆದರೂ ಅದರ ಒಳಭಾಗ ಕೆಸರನ್ನು ನೀರಿನಿಂದ ತೊಳೆದುಹಾಕುವಷ್ಟು ಸರಳವಾಗಿತ್ತು. ಸುಖಸಾಧನಗಳು ಕ್ರಮೇಣ, ಕೊಳ್ಳುವವರ ಅಪೇಕ್ಷೆಯನ್ನು ಅನುಸರಿಸಿ, ಸೇರಿಕೊಂಡವು. ಲ್ಯಾಂಡ್ ರೋವರ್ ಪ್ರತ್ಯೇಕ ಕಂಪನಿಯಾದುದು 1978ರಲ್ಲಿ. ಎಂದರೆ, ಗಾಡಿ ಹುಟ್ಟಿ 30 ವರ್ಷಗಳಾದ ಮೇಲೆ. ತರುವಾಯ ಒಡೆತನ ಕೈಯಿಂದ ಕೈಗೆ ಸಾಗಿ, 2008ರ ಜೂನಿನಲ್ಲಿ, ಜಾಗ್ವಾರ್ ಸಂಸ್ಥೆಯೊಡನೆ, ಸುಮಾರು 230 ಕೋಟಿ ಡಾಲರುಗಳಿಗೆ ಭಾರತದ ಟಾಟಾ ಮೋಟಾರ್ಸಿಗೆ ಬಂದಿತು.

ಈಗ ನಮ್ಮ ಸೀಮೆಯತ್ತ ತಿರುಗೋಣ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಇಲಾಖೆ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುತ್ತಿತ್ತು. ಹೈದರಾಲಿ 1761ರಲ್ಲಿ ಸಿರಾವನ್ನು ವಶಪಡಿಸಿಕೊಂಡನು. ಅವನ ಕಾಲದಿಂದ ಈ ಅರಮನೆಯ ದನಗಳ ಮುಖ್ಯ ಉದ್ಯೋಗ ಫಿರಂಗಿ ಎಳೆಯುವುದಾಯಿತು. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟನು. ಹಳ್ಳಿಕಾರ್, ಚಿತ್ರದುರ್ಗ ತಳಿಗಳೊಡನೆ ತುಮಕೂರು ಜಿಲ್ಲೆಯದೇ ಆದ ಹಾಗಲವಾಡಿ ತಳಿಯೂ ಇದಕ್ಕೆ ಮೂಲ. 1799ರ ಬಳಿಕ ಆಂಗ್ಲೇಯರು ಇದನ್ನು ತಮ್ಮ ಸೈನ್ಯಕ್ಕೆ ಉಳಿಸಿಕೊಂಡರು. 1860ರಲ್ಲಿ ಮಿತವ್ಯಯದ ನೆಪದಿಂದ ಮುಚ್ಚಿ, ನಷ್ಟವನ್ನರಿತು 1866ರಲ್ಲಿ ಪುನಃ ಸ್ಥಾಪಿಸಿದರು.

ಎರಡು ಕಥೆಗಳ ನಡೆ ಪರಸ್ಪರ ವಿರುದ್ಧವಾದುದು. ಒಂದು ಹೊಲದಿಂದ ಹೊರಟು ಅರಮನೆಯ ಬಾಗಿಲನ್ನು ಮುಟ್ಟಿತು. ಇನ್ನೊಂದು ಅರಮನೆಯ ಬೆಣ್ಣೆಯಿಂದ ಹೊರಟು ರಣರಂಗದ ಕೆಸರಿಗಿಳಿಯಿತು. ಇಂದಿನ ರೂಪವನ್ನು ಕಂಡು ಮೂಲವನ್ನು ಊಹಿಸುವವನು ಎರಡೆಡೆಯೂ ತಪ್ಪುತ್ತಾನೆ. ವಸ್ತುವಿನ ಚರಿತ್ರೆಯನ್ನು ಬರೆಯುವವನು ಅದರ ಕೀರ್ತಿಯಿಂದ ಹಿಂದಕ್ಕೆ ನಡೆಯದೆ, ಅದು ನೀಗಿದ ಕೊರತೆಯಿಂದ ಮುಂದಕ್ಕೆ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ಲ್ಯಾಂಡ್ ರೋವರಿನ ಮೊದಲ ಗಾಡಿಗಳಲ್ಲೊಂದನ್ನು ಆ ದೇಶದವರು ಇಂದಿಗೂ ಜೋಪಾನವಾಗಿ ಕಾಯ್ದಿರಿಸಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊದಿಸಬಲ್ಲ ಬಡಗಿ ಕಮ್ಮಾರರು ವಿರಳರಾಗುತ್ತಿದ್ದಾರೆ. ನೊಗದ ಉದ್ದ, ಚಕ್ರದ ಅಗಲ, ಬಳಸಿದ ಮರ, ಆಯಾ ನೆಲಕ್ಕೆ ತಕ್ಕ ಮಾರ್ಪಾಡು, ಇವನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸಕ್ಕೆ ವಿದ್ಯಾರ್ಥಿಗಳು ತೊಡಗಿದರೆ, ಈ ಲೇಖನದ ಉದ್ದೇಶ ನೆರವೇರಿತೆಂದು ಭಾವಿಸುತ್ತೇವೆ.