ಮೂರೋ, ನೂರೋ?

ಆಷಾಢದ ಮಳೆ ಕಳಸದ ಸೀಮೆಯವರಿಗೆ ಹೊಸದಲ್ಲ. ಭದ್ರೆ ಉಕ್ಕಿ ಹೊರನಾಡಿನ ಹಾದಿಯ ಹೆಬ್ಬಾಳೆ ಸೇತುವೆ ಮುಳುಗಿದ್ದನ್ನು ಅವರು ಎಷ್ಟೋ ಮಳೆಗಾಲಗಳಲ್ಲಿ ಕಂಡಿದ್ದಾರೆ. ಮರ ಉರುಳಿತೆಂದರೆ ವಿದ್ಯುತ್ತು ಹೋಯಿತು. ವಿದ್ಯುತ್ತು ಹೋಯಿತೆಂದರೆ ಸ್ವಲ್ಪ ಹೊತ್ತಿಗೆ ಮೊಬೈಲು ಬರಿಯ ಗಡಿಯಾರವಾಯಿತು. ಕೆಲವು ವರ್ಷಗಳ ಹಿಂದೆ ಇಂಥದೊಂದು ಮಳೆಯಲ್ಲಿ ನಾನು ಅಲ್ಲಿನ ಬಂಧುಗಳೊಬ್ಬರ ಕಾಫಿ ತೋಟದ ಮನೆಯಲ್ಲಿ ಸಿಕ್ಕಿಕೊಂಡೆ. ಅವರು ಹವ್ಯಾಸಿ ಬಾನುಲಿಗರು, ಎಂದರೆ ಸರ್ಕಾರದ ಪರೀಕ್ಷೆ ಕಟ್ಟಿ, ಲೈಸೆನ್ಸು ಪಡೆದು, ಸ್ವಂತ ಯಂತ್ರದಿಂದ ದೂರದವರೊಡನೆ ಮಾತನಾಡುವ ಜನ. ಇವರಿಗೆ 'ಹ್ಯಾಮ್' ಎಂದೂ ಹೆಸರುಂಟು.

ಇಳಿಹೊತ್ತಿನಲ್ಲಿ ಕಾರಿನ ಬ್ಯಾಟರಿಗೆ ಯಂತ್ರವನ್ನು ಜೋಡಿಸಿ ಅವರು ಧಾರವಾಡದ ಕಡೆಯ ಒಬ್ಬರನ್ನು ಹಿಡಿದರು. "ನಿನ್ನೆ ಮೂರು ಇಂಚು ಮಳೆಯಾಯ್ತು" ಎಂದರು. ಆ ಕಡೆಯಿಂದ ಗಾಬರಿಯ ದನಿ ಬಂತು: "ನೂರ ಇಂಚು? ಒಂದ ದಿನಕ್ಕ?" ಇವರು ಇನ್ನೂ ಗಟ್ಟಿಯಾಗಿ ಕೂಗಿದರು. "ಗುಡುಗು ಭಾಳ ಛಲೋ ಕೇಳಸ್ತದರಿ ರಾಯರ, ಮಾತಷ್ಟ ಕೇಳಸವಲ್ದು" ಎಂದು ಉತ್ತರ ಬಂತು. ನಾವೆಲ್ಲ ನಕ್ಕೆವು. ಬಂಧುಗಳು ಕೂಗುವುದನ್ನು ಬಿಟ್ಟು ಯಂತ್ರದಲ್ಲಿ ಏನನ್ನೋ ತಿರುಗಿಸಿದರು. ಎರಡನೆಯ ಸಲ ಮೂರು ಮೂರಾಗಿಯೇ ಮುಟ್ಟಿತು. ಅವರು ಧ್ವನಿಯನ್ನು ಹೆಚ್ಚಿಸಿದ್ದರೆಂದು ನಾನು ಭಾವಿಸಿದೆ. "ಇಲ್ಲ, ಒಂದಷ್ಟು ತೆಗೆದು ಹಾಕಿದೆ" ಎಂದರು.

ಹೀಗೆ ಧ್ವನಿಯ ಒಂದು ಪಾಲನ್ನು ತಗ್ಗಿಸಿ ಇನ್ನೊಂದನ್ನು ಎತ್ತುವ ಏರ್ಪಾಟಿಗೆ ಈಕ್ವಲೈಸರ್ ಎಂದು ಹೆಸರು. ಹೆಸರೇನೋ ಹೊಸದು. ಆದರೆ ಅದರ ಹಿಂದಿರುವ ತಿಳಿವು ಕನ್ನಡದ ಪಂಡಿತನಿಗೆ ತೀರ ಅಪರಿಚಿತವಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ, ನಾಭಿಮೂಲದಲ್ಲಿ ಗಾಳಿಯಿಂದ ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿದ್ದಾನೆ. ಕಹಳೆಯ ನಾದ ಎಷ್ಟು ದೊಡ್ಡದಾದರೂ ಅದು ನಾದ ಮಾತ್ರ. ಅದು ನುಡಿಯಾಗಬೇಕಾದರೆ ನಾಲಗೆ, ಹಲ್ಲು, ತುಟಿಗಳು ಕೆಲಸ ಮಾಡಬೇಕು. ತಾನಾಗಿಯೇ ಬೆಳಗುವುದು ಸ್ವರವೆಂದು ಹಿಂದಿನ ವೈಯಾಕರಣರು ಬಿಡಿಸಿ ಹೇಳಿದರು. 'ವ್ಯಂಜನ' ಎಂಬ ಮಾತಿಗಾದರೋ ಸ್ಪಷ್ಟಪಡಿಸುವುದು, ಪ್ರಕಟಪಡಿಸುವುದು ಎಂಬುದೇ ಧಾತುವಿನ ಅರ್ಥ. ಬಲವೆಲ್ಲ ಸ್ವರದ್ದು, ಅರ್ಥವನ್ನು ಬಿಡಿಸುವ ಹೊಣೆ ಬಹುಮಟ್ಟಿಗೆ ವ್ಯಂಜನದ್ದು.

ಇದನ್ನೇ ಅಳತೆಗೋಲಿನಿಂದ ಅಳೆದು ತೋರಿಸಿದವರು ಟೆಲಿಫೋನಿನ ಎಂಜಿನಿಯರುಗಳು. ಉದ್ದನೆಯ ತಂತಿಯಲ್ಲಿ ಮಾತು ಹರಿದಾಗ ಅದರ ಮೇಲಿನ ಕಂಪನಗಳು ಹೆಚ್ಚು ಸೊರಗುತ್ತಿದ್ದವು. ಸೊರಗಿದ್ದನ್ನು ಮತ್ತೆ ತುಂಬಿ, ಹೊರಟ ಮಾತಿಗೂ ಮುಟ್ಟಿದ ಮಾತಿಗೂ ಸಮ ಮಾಡುವ ಮಂಡಲಕ್ಕೆ ಈಕ್ವಲೈಸರ್ ಎಂಬ ಹೆಸರು ಬಂತು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಮಾತಿನ ಒಂದೊಂದು ಪಾಲನ್ನೇ ಕತ್ತರಿಸಿ, ಕೇಳುಗರಿಗೆ ಎಷ್ಟು ಅರ್ಥವಾಯಿತೆಂದು ಪರೀಕ್ಷಿಸಿದರು. ಅವರ ಗ್ರಂಥ 1929ರಲ್ಲಿ ಪ್ರಕಟವಾಯಿತು. ಸೆಕೆಂಡಿಗೆ 500ಕ್ಕಿಂತ ಕಡಿಮೆ ಕಂಪನಗಳಲ್ಲಿ ಮಾತಿನ ಶಕ್ತಿಯ ಹೆಚ್ಚಿನ ಪಾಲು ಇರುತ್ತದೆ, ತಿಳಿಯುವಿಕೆಗೆ ಅದರಿಂದ ಆಗುವ ಸಹಾಯ ಸ್ವಲ್ಪ. 1000ದಿಂದ 3000ದವರೆಗಿನ ಪಾಲಿನಲ್ಲಿ ಶಕ್ತಿ ಅಲ್ಪ, ಅರ್ಥ ಅಪಾರ. ಮಕಾರ ನಕಾರಗಳ ಭೇದವೂ ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ. ಕೆಳಗಿನ ಗುಂಯ್‌ಗುಡುವ ನಾದ ಮೇಲುಗೈಯಾದರೆ 'ಮೂರು' 'ನೂರು'ಗಳಲ್ಲಿ ಉಳಿಯುವುದು ಊಕಾರ ಒಂದೇ. ಕಳಸದಿಂದ ಕುದುರೆಮುಖಕ್ಕೆ ಹೋಗುವ ಹಾದಿಯಲ್ಲಿ ಸಂಸೆ ಎಂಬ ಊರಿದೆ. ಅದರ ಎರಡು ಸಕಾರಗಳನ್ನು ಕಳೆದು ನೋಡಿ: ಉಳಿದದ್ದು ಊರಿನ ಹೆಸರೋ, ನೋವಿನ ನರಳಾಟವೋ ತಿಳಿಯದು.

ಮೊದಲ ತಲೆಮಾರಿನ ಬಾನುಲಿಗರಿಗೆ ಈ ತೊಡಕು ಅಷ್ಟಾಗಿ ಕಾಣದಿರಲು ಒಂದು ಕಾರಣವಿತ್ತು. 1870ರ ದಶಕದ ಕೊನೆಗೆ ಎಡಿಸನ್ ಮತ್ತು ಹ್ಯೂಸ್ ರೂಪಿಸಿದ ಇದ್ದಿಲಿನ ಮೈಕು ಒರಟು ವಸ್ತು. ಕೆಳನಾದವನ್ನು ಚೆನ್ನಾಗಿ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ. ಮೇಲಿನ ಒಂದು ಭಾಗ ಮಾತ್ರ ಮೊನಚಾಗಿ ಬರುತ್ತಿತ್ತು. ಸಂಗೀತಕ್ಕೆ ಅದು ದೋಷ, ಸುದ್ದಿ ಮುಟ್ಟಿಸುವುದಕ್ಕೆ ಗುಣ. 1916ರಲ್ಲಿ ವೆಂಟೆಯ ಕಂಡೆನ್ಸರ್ ಮೈಕು ಬಂತು. ಮೈಕುಗಳು ಬರಬರುತ್ತ ಸುಧಾರಿಸಿ ಎದೆಯ ಗಂಭೀರ ನಾದವನ್ನೂ ಹಾಗೆಯೇ ಹಿಡಿಯತೊಡಗಿದವು. ಉಪಕರಣ ಉತ್ತಮವಾದ ಮೇಲೆ ಹವ್ಯಾಸಿಯ ಮಾತು ಮಸುಕಾಯಿತೆಂದರೆ ವಿಚಿತ್ರವೇ ಸರಿ.

ಶಕ್ತಿಯ ಬಡತನ ಎಂದರೇನೆಂಬುದನ್ನು ನಮ್ಮ ನಾಡೂ ಕಂಡಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಮುಂದೆ ದೇಶದ ಬಾನುಲಿಗೆಲ್ಲ ಸಂದ 'ಆಕಾಶವಾಣಿ' ಎಂಬ ಹೆಸರು ಈ ನಿಲಯದ್ದು. ಅವರ ಮೊದಲ ಪ್ರೇಷಕದ ಬಲ 30 ವ್ಯಾಟು, ಹಳೆಯ ಕಾಲದ ಒಂದು ಬಲ್ಬಿಗೂ ಸಾಲದಷ್ಟು. ಅಂದಿನ ಪ್ರಸಾರ ಪದ್ಧತಿಯಲ್ಲಿ ಅದರಲ್ಲೂ ಬಹುಪಾಲು ಮಾತನ್ನು ಹೊರುವ ಅಲೆಗೇ ಖರ್ಚು. ಹೊತ್ತವನು ಉಂಡು, ಮಿಕ್ಕದ್ದು ಮಾತಿಗೆ.

ಹೊರುವ ಅಲೆಯನ್ನೂ, ಮಾತಿನ ಎರಡು ಪಡಿಯಚ್ಚುಗಳಲ್ಲಿ ಒಂದನ್ನೂ ಕೈಬಿಟ್ಟು, ಉಳಿದ ಒಂದನ್ನೇ ಕಳಿಸುವ ಉಪಾಯವನ್ನು ಅಮೆರಿಕದ ಕಾರ್ಸನ್ 1915ರಲ್ಲಿ ಕಂಡಿದ್ದ. ಎರಡನೆಯ ಮಹಾಯುದ್ಧದ ನಂತರ ಹವ್ಯಾಸಿಗಳು ಈ ಪದ್ಧತಿಯನ್ನು ಒಲಿದು ಅಪ್ಪಿಕೊಂಡರು. ಆಗ ಬಲವೆಲ್ಲ ಮಾತಿನ ಪಾಲಿಗೆ ಬಂತು. ಜೊತೆಗೆ ಮಾತಿನಲ್ಲಿ ಯಾವುದರ ಪಾಲಿಗೆ ಎಂಬ ಪ್ರಶ್ನೆಯೂ ಬಂತು. ಯಂತ್ರದ 100 ವ್ಯಾಟನ್ನು ಗುಡುಗೇ ತಿಂದರೆ ಅಕ್ಷರಕ್ಕೆ ಏನು ಉಳಿದೀತು? ಇದನ್ನು ಮನಗಂಡವರಲ್ಲಿ ಅಮೆರಿಕದ ಬಾಬ್ ಹೈಲ್ ಪ್ರಸಿದ್ಧರು. ದೊಡ್ಡ ದೊಡ್ಡ ಸಂಗೀತ ಕಚೇರಿಗಳಿಗೆ ಧ್ವನಿವರ್ಧಕ ಕಟ್ಟಿ ಹೆಸರು ಮಾಡಿದ ಈತ ಸ್ವತಃ ಹವ್ಯಾಸಿ. ಎಲ್ಲ ನಾದವನ್ನೂ ತುಂಬಿಕೊಡುವುದರಲ್ಲಿ ಪಳಗಿದ ಕೈ, ಹವ್ಯಾಸಿಗಳಿಗೆಂದು ಬೇಕೆಂದೇ ಕೆಳನಾದವನ್ನು ಸೊರಗಿಸಿ 2000ದ ಆಚೀಚೆಯನ್ನು ಎತ್ತಿ ತೋರಿಸುವ ಮೈಕನ್ನು ಮಾಡಿತು. 2024ರಲ್ಲಿ ಅವರು ತೀರಿಕೊಂಡರು.

ಈಗ ಈ ಉಪಾಯ ಯಂತ್ರದ ಹೊಟ್ಟೆಯಲ್ಲೇ ಇದೆ. ಉದಾಹರಣೆಗೆ 2016ರಲ್ಲಿ ಬಂದ ಐಕಾಂ 7300ರಲ್ಲಿ ಕೆಳನಾದಕ್ಕೊಂದು, ಮೇಲುನಾದಕ್ಕೊಂದು ಅಳತೆ. ಎರಡೂ ಸೊನ್ನೆಯಿಂದ ಐದು ಮೆಟ್ಟಿಲು ಮೇಲೆ, ಐದು ಮೆಟ್ಟಿಲು ಕೆಳಗೆ. ಕಳಿಸುವ ಧ್ವನಿಯ ಅಗಲವನ್ನೂ ಆರಿಸಬಹುದು: ವಿರಾಮದ ಹರಟೆಗೆ 100ರಿಂದ 2900, ಗದ್ದಲದ ಹೊತ್ತಿಗೆ 500ರಿಂದ 2500. ನಮ್ಮ ಬಂಧುಗಳು ಅಂದು ಮಾಡಿದ್ದೂ ಇಷ್ಟೆ: ಕೆಳಗಿನದನ್ನು ಮೂರು ಮೆಟ್ಟಿಲು ಇಳಿಸಿ, ಮೇಲಿನದನ್ನು ಎರಡು ಮೆಟ್ಟಿಲು ಏರಿಸಿದ್ದರು. ಹೆಚ್ಚು ಏರಿಸಿದರೆ ಮಾತು ಕಿವಿಗೆ ಚುಚ್ಚುವ ತಗಡಾಗುತ್ತದೆಯಂತೆ. ಈ ಹದ ಒಬ್ಬರದು ಇನ್ನೊಬ್ಬರಿಗೆ ಸಲ್ಲದು, ಒಂದೊಂದು ಗಂಟಲಿಗೆ ಒಂದೊಂದು.

ಇದು ಬರಿಯ ಹವ್ಯಾಸಿಯ ಚಪಲವೆಂದು ಯಾರಾದರೂ ಅಂದಾರು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ಬಾನುಲಿಯ ಪ್ರಯೋಗಕ್ಕೆಂದು ಭಾರತಿ ಪ್ರಸಾದ್ ಎಂಬ ಮಹಿಳೆ ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದರು. ಟೆಲಿಫೋನು ಕೈಕೊಟ್ಟ ಆ ದಿನಗಳಲ್ಲಿ ಬದುಕುಳಿದವರ ಕ್ಷೇಮಸಮಾಚಾರ ಒಳನಾಡಿಗೆ ಮುಟ್ಟಿದ್ದು ಇಂಥ ಯಂತ್ರಗಳಿಂದ. ಅಂಥ ಹೊತ್ತಿನಲ್ಲಿ ಒಂದು ಹೆಸರಿನ ಒಂದಕ್ಷರ ತಪ್ಪಿದರೆ ಯಾವುದೋ ಮನೆಯಲ್ಲಿ ದೀಪ ಹಚ್ಚಿ, ಇನ್ನಾವುದೋ ಮನೆಯಲ್ಲಿ ಆರಿಸಿದಂತೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲೇ ಗುಡ್ಡಗಳು ಕುಸಿದವು, ಮನೆಗಳು ಹೋದವು. ಮೂರು ಮನೆಯೋ ನೂರು ಮನೆಯೋ ಎಂದು ಆಗ ಯಾರಾದರೂ ತಪ್ಪಾಗಿ ಕೇಳಿದ್ದರೆ, ನಾವು ನಗುತ್ತಿದ್ದೆವೆ?

ಹವ್ಯಾಸಿಗಳು ಪರಸ್ಪರ ಕೊಡುವ ವರದಿಗೆ 1934ರಿಂದ ಒಂದು ಕ್ರಮವಿದೆ. ಮೊದಲ ಅಂಕಿ ಸ್ಪಷ್ಟತೆಗೆ, ಅದಕ್ಕೆ ಐದು ಪರಮಾವಧಿ. ಎರಡನೆಯದು ಬಲಕ್ಕೆ, ಅದಕ್ಕೆ ಒಂಬತ್ತು. ತಿಳಿಯಿತೇ ಎಂಬುದು ಮೊದಲು, ಎಷ್ಟು ದೊಡ್ಡದು ಎಂಬುದು ಆಮೇಲೆ. ಈ ಕ್ರಮವನ್ನು ಸಭೆಗಳಲ್ಲಿ ಮೈಕಿನ ಮುಂದೆ ನಿಲ್ಲುವ ನಾವೂ ಕಲಿಯಬಹುದು. ಮತ್ತೂ ಒಂದು ಮಾತುಂಟು: ಈ ಅಂಕಿಯನ್ನು ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ನಮ್ಮ ಧ್ವನಿ ತಲೆಬುರುಡೆಯ ಎಲುಬಿನ ಮೂಲಕವೂ ನಮ್ಮ ಕಿವಿಗೆ ಮುಟ್ಟುವುದರಿಂದ ನಮಗೆ ಅದು ಇರುವುದಕ್ಕಿಂತ ಗಂಭೀರವಾಗಿ ಕೇಳುತ್ತದೆ. ಆ ಗಾಂಭೀರ್ಯವನ್ನು ಮೆಚ್ಚಿ ಕೆಳನಾದ ಏರಿಸಿಕೊಂಡವನು ಕೆಟ್ಟ. ಕೇಳಿದವನು ಹೇಳಬೇಕು, ಹೇಳಿದ್ದನ್ನು ಆಡಿದವನು ನಂಬಬೇಕು.

ಬಂಧುಗಳು ಈಗಲೂ ಮುಂಗಾರಿಗೆ ಮುನ್ನ ಸೋಗೆ, ಸೌದೆ, ದಿನಸಿಗಳ ವ್ಯವಸ್ಥೆಯ ಜೊತೆಗೆ ಇದನ್ನೂ ಮಾಡುತ್ತಾರೆ. ಬ್ಯಾಟರಿ ತುಂಬಿಸಿ, ಧಾರವಾಡದ ಆ ಮಿತ್ರರನ್ನು ಕರೆದು, ನಿಧಾನವಾಗಿ "ಮೂರು... ನೂರು... ಸಂಸೆ..." ಎನ್ನುತ್ತಾರೆ. ಅಲ್ಲಿಂದ ಒಂದೊಂದೂ ಸರಿಯಾಗಿ ಮರುನುಡಿಯಾಗಿ ಬಂದ ಮೇಲೆ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುತ್ತಾರೆ. ಆಮೇಲೆ ಮಳೆ ಬರಲಿ ಎನ್ನುತ್ತಾರೆ.