ದವಾಖಾನೆಯ ಕಾರ್ಡೋ, ವಿಮೆಯ ಕಾರ್ಡೋ?

ಕೇಂದ್ರ ಸರ್ಕಾರದ ನೌಕರಿ ಹಿಡಿದು ಊರು ಬಿಟ್ಟು ಬಂದ ನಮ್ಮಂಥ ಗುಮಾಸ್ತರ ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ಕಾಣುವ ಒಂದು ಸಣ್ಣ ಕಡಿತವಿದೆ. ಅದು ಸಿ.ಜಿ.ಎಚ್.ಎಸ್. ವಂತಿಗೆ. 2025ರ ನವೆಂಬರಿನಲ್ಲಿ ಎಂಟನೆಯ ವೇತನ ಆಯೋಗ ರಚನೆಯಾದ ಮೇಲೆ, ಇದನ್ನೇ ಮುಂದುವರಿಸಬೇಕೋ, ಇದರ ಬದಲು ಆರೋಗ್ಯ ವಿಮೆ ತರಬೇಕೋ ಎಂಬ ವಾದ ಊಟದ ಬಿಡುವಿನಲ್ಲಿ ಮತ್ತೆ ಕೇಳಿಬರುತ್ತಿದೆ. ವಾದಕ್ಕಿಳಿಯುವ ಮುನ್ನ ಇದರ ಹಿಂದಿನ ಕಥೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಈ ಚರ್ಚೆ ಸ್ವಾತಂತ್ರ್ಯಕ್ಕಿಂತಲೂ ಹಳೆಯದು. 1943ರಲ್ಲಿ ಸರ್ಕಾರವು ಕಾರ್ಖಾನೆಯ ಕೆಲಸಗಾರರಿಗಾಗಿ ಆರೋಗ್ಯ ವಿಮೆಯ ಯೋಜನೆಯೊಂದನ್ನು ರೂಪಿಸಲು ಪ್ರೊಫೆಸರ್ ಬಿ. ಪಿ. ಅಡಾರ್ಕರರನ್ನು ನೇಮಿಸಿತು, ಮರುವರ್ಷವೇ ಅವರ ವರದಿ ಬಂದಿತು. ಅದೇ 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ಬೇರೊಂದು ದಾರಿ ತೋರಿತು. ಕೈಯಲ್ಲಿ ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು, ಖರ್ಚು ತೆರಿಗೆಯಿಂದ ಹುಟ್ಟಲಿ ಎಂಬುದು ಅದರ ಅಭಿಪ್ರಾಯ. ಒಂದು ವಂತಿಗೆಯ ದಾರಿ, ಇನ್ನೊಂದು ತೆರಿಗೆಯ ದಾರಿ. ನಾವು ಇಂದಿಗೂ ಈ ಎರಡರ ನಡುವೆಯೇ ನಡೆಯುತ್ತಿದ್ದೇವೆ.

ಅಡಾರ್ಕರರ ವರದಿಯಿಂದ 1948ರ ಇ.ಎಸ್.ಐ. ಕಾಯಿದೆ ಹುಟ್ಟಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. ಈ ನಡುವಿನ ನಾಲ್ಕು ವರ್ಷಗಳಲ್ಲಿ ಎದ್ದ ತಕರಾರು ಗಮನಿಸತಕ್ಕದ್ದು. ನಮ್ಮ ಊರಿನ ಮಾಲೀಕರಷ್ಟೇ ವಂತಿಗೆ ಕೊಟ್ಟರೆ ನಮ್ಮ ಸರಕಿನ ಬೆಲೆ ಏರಿ, ಬೇರೆ ಊರಿನವರ ಎದುರು ಸೋಲುತ್ತೇವಲ್ಲ ಎಂಬುದು ಆ ತಕರಾರು. ಅದಕ್ಕಾಗಿ 1951ರಲ್ಲಿ ಕಾಯಿದೆ ತಿದ್ದಿ, ಯೋಜನೆ ಇನ್ನೂ ಬಾರದ ಊರುಗಳ ಮಾಲೀಕರಿಂದಲೂ ಕಡಿಮೆ ದರದಲ್ಲಿ ವಂತಿಗೆ ಪಡೆಯುವ ಏರ್ಪಾಡಾಯಿತು. ಭಾರ ಹಂಚಿದಷ್ಟೂ ಹಗುರ ಎಂಬ ಪಾಠ ಅಲ್ಲೇ ಇದೆ.

ನಮ್ಮ ಯೋಜನೆ ಆರಂಭವಾದದ್ದು 1954ರ ಜುಲೈ 1ರಂದು, ದೆಹಲಿಯಲ್ಲಿ, 16 ದವಾಖಾನೆಗಳೊಂದಿಗೆ. ಅದಕ್ಕೆ ಮುಂಚೆ ನೌಕರನು ಕೈಯಿಂದ ಖರ್ಚು ಮಾಡಿ, ಬಿಲ್ಲು ಸಲ್ಲಿಸಿ, ಹಣಕ್ಕಾಗಿ ಕಾಯಬೇಕಿತ್ತು. 1963ರಲ್ಲಿ ಯೋಜನೆ ಮುಂಬಯಿಗೆ ಬಂತು, 1976ರಲ್ಲಿ ಬೆಂಗಳೂರಿಗೆ. ಇದರ ಮುಖ್ಯ ಗುಣವೆಂದರೆ, ವಂತಿಗೆ ನಿಲ್ಲುವುದು ಸಂಬಳದ ಮೇಲೆ. ವಯಸ್ಸಿನ ಮೇಲಲ್ಲ, ಕಾಯಿಲೆಯ ಮೇಲೂ ಅಲ್ಲ. 2017ರಲ್ಲಿ ನಿಗದಿಯಾದ ದರದಂತೆ ಕೆಳಹಂತದವರಿಗೆ ತಿಂಗಳಿಗೆ 250 ರೂಪಾಯಿ, ಮೇಲಿನವರಿಗೆ 1000. ನಿವೃತ್ತರಾಗುವಾಗ ಹತ್ತು ವರ್ಷಗಳ ವಂತಿಗೆಯನ್ನು ಒಟ್ಟಿಗೆ ಕಟ್ಟಿದರೆ ಆಜೀವ ಕಾರ್ಡು. 250ರ ಲೆಕ್ಕದಲ್ಲಿ ಅದು 30,000 ರೂಪಾಯಿ, ಗಂಡಹೆಂಡಿರಿಬ್ಬರಿಗೂ, ಕೊನೆಯವರೆಗೆ.

ವಿಮೆಯ ಲೆಕ್ಕ ಬೇರೆ. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದವು. 2000ದ ನಂತರ ಖಾಸಗಿಯವರೂ ಬಂದರು. ಅಲ್ಲಿ ವಯಸ್ಸು ಏರಿದಂತೆ ಕಂತೂ ಏರುತ್ತದೆ. ಚಿಕಿತ್ಸೆ ಹೆಚ್ಚು ಬೇಕಾಗುವ ಕಾಲಕ್ಕೆ ಸರಿಯಾಗಿ ಆದಾಯ ಇಳಿದು ಕಂತು ಹೆಚ್ಚುವುದು ಎಂಥ ನ್ಯಾಯ? ಹಾಗೆಂದು ವಿಮೆಯನ್ನು ತಳ್ಳಿಹಾಕಲೂ ಆಗದು. ನಮ್ಮ ನಾಡಿನ ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ, ಮೊದಲು ತಲೆಗೆ ವರ್ಷಕ್ಕೆ ಕೇವಲ 60 ರೂಪಾಯಿ ವಂತಿಗೆಯಲ್ಲಿ ಶಸ್ತ್ರಚಿಕಿತ್ಸೆ ಒದಗಿಸಿತು. ಲಕ್ಷಗಟ್ಟಲೆ ಜನ ಸೇರಿದ್ದರಿಂದಲೂ ಸರ್ಕಾರ ಕೈಜೋಡಿಸಿದ್ದರಿಂದಲೂ ಅದು ಸಾಧ್ಯವಾಯಿತು. ಆದರೆ ದಿನನಿತ್ಯದ ರಕ್ತದೊತ್ತಡದ ಗುಳಿಗೆ ಅದರಲ್ಲಿ ಸೇರಿರಲಿಲ್ಲ.

ನಮ್ಮ ಯೋಜನೆಯಲ್ಲೂ ಕೊರತೆಯಿದೆ. ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ನಿಗದಿ ಮಾಡಿದ ದರದಿಂದ ವೆಚ್ಚ ಹಿಡಿತದಲ್ಲಿರುತ್ತದೆ, ನಿಜ. ಆದರೆ ದರ ವರ್ಷಗಟ್ಟಲೆ ಕದಲದೆ ಕುಳಿತರೆ ಆಸ್ಪತ್ರೆಯವರು ರೋಗಿಯನ್ನು ಹಿಂದೆ ಕಳಿಸಲು ನೆವ ಹುಡುಕುತ್ತಾರೆ. 2025ರ ಅಕ್ಟೋಬರಿನಲ್ಲಿ ದರಗಳನ್ನು ವ್ಯಾಪಕವಾಗಿ ಪರಿಷ್ಕರಿಸಿದ್ದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಊರಿಗೆ ಹಿಂದಿರುಗುವವರದು. ನಮ್ಮ ವಿಭಾಗದ ಹಿರಿಯರೊಬ್ಬರು ನಿವೃತ್ತರಾಗಿ ಮಲೆನಾಡಿನ ತಮ್ಮ ಹಳ್ಳಿ ಸೇರಿದರು. ಕರ್ನಾಟಕದಲ್ಲಿ ಬಹುಕಾಲ ಈ ಸೌಲಭ್ಯ ಇದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಬೇರೆಡೆಯ ಪಿಂಚಣಿದಾರರಿಗೆ ಹೊರರೋಗಿ ಚಿಕಿತ್ಸೆಗೆಂದು ತಿಂಗಳ ಭತ್ಯೆಯುಂಟು. 1997ರಲ್ಲಿ 100 ರೂಪಾಯಿ ಇದ್ದದ್ದು 2017ರಲ್ಲಿ 1000 ಆಯಿತು. ಎದೆನೋವು ಬಂದ ರಾತ್ರಿ ಆ ಸಾವಿರ ಎಲ್ಲಿಗೆ ಸಾಲುತ್ತದೆ? ಇಂಥವರನ್ನು ನೆನೆದೇ 2008ರಲ್ಲಿ ಆರನೆಯ ಆಯೋಗ, 2015ರಲ್ಲಿ ಏಳನೆಯ ಆಯೋಗ ವಿಮೆಯ ಮಾತೆತ್ತಿದವು.

ನಮಗೆ ತೋರುವುದಿಷ್ಟು. ದವಾಖಾನೆ ಇರುವಲ್ಲಿ ಅದು ಉಳಿಯಲಿ. ಇಲ್ಲದ ಊರುಗಳಿಗೆ ವಿಮೆ ಬರಲಿ. ಆದರೆ ವಿಮೆಗೆ ಹಿರಿಯರನ್ನು ಮಾತ್ರ ಸೇರಿಸಿದರೆ ಕಂತು ಮುಗಿಲು ಮುಟ್ಟುತ್ತದೆ. ಈಗ ನೌಕರಿಯಲ್ಲಿರುವ ಕಿರಿಯರೂ ಅದರಲ್ಲಿ ಸೇರಬೇಕು, ವಂತಿಗೆ ಸಂಬಳವನ್ನೇ ಅನುಸರಿಸಬೇಕು. 1951ರಲ್ಲಿ ಯೋಜನೆ ಬಾರದ ಊರಿನವರೂ ಕಾನ್ಪುರದ ಭಾರಕ್ಕೆ ಹೆಗಲು ಕೊಟ್ಟಿದ್ದು ಹೀಗೆಯೇ ಅಲ್ಲವೇ? ನಾವೂ ಒಂದು ದಿನ ಊರಿಗೆ ಮರಳುವವರೇ. ಆದ್ದರಿಂದ ನಮ್ಮ ನೌಕರರ ಸಂಘಗಳು ಆಯೋಗಕ್ಕೆ ಮನವಿ ಬರೆಯುವಾಗ, ತುಟ್ಟಿಭತ್ಯೆಯ ಸಾಲಿನ ಕೆಳಗೆ ಈ ಮಾತಿಗೂ ಒಂದು ಸಾಲು ಬಿಡಲಿ.