ರೋಗಿಗಳಿಗೆ ಮೀಸಲಾದ ಬಾಡಿಗೆ

ದಮಾಸ್ಕಸ್‌ನಲ್ಲಿ ಕಾಯಿಲೆಬಿದ್ದ ಸೇನಾನಿ ಕಲಾವೂನ್ ಅಲ್ಲಿನ ನೂರುದ್ದೀನ್ ಆಸ್ಪತ್ರೆಯ ಔಷಧಿಯಿಂದ ಗುಣಮುಖರಾದರು. ಅಧಿಕಾರ ದೊರೆತರೆ ಇಂತಹುದೇ ಆಸ್ಪತ್ರೆ ಕಟ್ಟಿಸುವೆನೆಂದು ಅವರು ಹರಕೆ ಹೊತ್ತರೆಂದು ಇತಿಹಾಸಕಾರ ಮಕ್ರೀಝಿ ದಾಖಲಿಸಿದ್ದಾರೆ. ಅವರು ಸುಲ್ತಾನರಾದ ಬಳಿಕ, 1284ರಲ್ಲಿ, ಕೈರೋದಲ್ಲಿ ಮನ್ಸೂರಿ ಬೀಮಾರಿಸ್ತಾನ್ ತಲೆಯೆತ್ತಿತು.

ಕಟ್ಟಡಕ್ಕಿಂತ ಮಹತ್ವದ್ದು ಅದರ ವಕ್ಫ್ ಪತ್ರ. ಅಂಗಡಿ ಮುಂತಾದ ಆಸ್ತಿಗಳ ಆದಾಯವನ್ನು ಆಸ್ಪತ್ರೆಗೆ ಮೀಸಲಿಡಲಾಯಿತು. ವೈದ್ಯರ ವೇತನ, ಔಷಧಿ, ಆಹಾರ, ಬೇಸಿಗೆಯಲ್ಲಿ ರೋಗಿಗೆ ತಾಳೆಗರಿಯ ಬೀಸಣಿಗೆ, ಮೃತರಿಗೆ ಕಫನ್ – ಎಲ್ಲವೂ ಅದರಿಂದಲೇ. ಬಡವ-ಬಲ್ಲಿದ, ಸ್ತ್ರೀ-ಪುರುಷರೆಂಬ ಭೇದವಿರಲಿಲ್ಲ. 1290ರಲ್ಲಿ ಸುಲ್ತಾನರು ನಿಧನರಾದರು. ಶತಮಾನಗಳ ಕಾಲ ಚಿಕಿತ್ಸೆ ಮುಂದುವರಿಯಿತು.

ಇದುವೇ ಸದಕಾ ಜಾರಿಯಾ. ನಾವಾದರೋ ಪ್ರತಿ ರೋಗಿಗೂ ಜುಮಾದ ಬಳಿಕ ಹೊಸದಾಗಿ ಕೈಚಾಚುತ್ತೇವೆ. ಮೊಹಲ್ಲಾದ ಒಂದಾದರೂ ಅಂಗಡಿಯ ಬಾಡಿಗೆಯನ್ನು ರೋಗಿಗಳ ಹೆಸರಿಗೆ ಬರೆದಿಡಲು ನಮಗೆ ಸಾಧ್ಯವಿಲ್ಲವೇ?